ಪಂದಿ ಕರಿಗೆ ಕೆಂಪು ವೈನ್ ಬೇಡ
ಹೋಟೆಲಿಗೆ ನಮ್ಮದೇ ವೈನ್ ಒಯ್ಯಬಹುದು, ಮಾಂಸಕ್ಕೆ ಕೆಂಪು ವೈನೇ ಸರಿ ಎಂದು ಬರೆದಿದ್ದೀರಿ. ಹೋಟೆಲಿನವರು ಒಪ್ಪಿದರೆ ಮೊದಲನೆಯದು ಸರಿ. ಎರಡನೆಯದು ನಮ್ಮ ಕೊಡಗಿನ ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹೊಂದುವುದಿಲ್ಲ. ಹುರಿದ ಕರಿಮೆಣಸು, ಕಾಚಂಪುಳಿಯ (ಹಣ್ಣಿನ ರಸದಿಂದ ಮಾಡುವ ಕೊಡಗಿನ ವಿನೆಗರ್) ಕಪ್ಪು ಹುಳಿ, ಮೇಲೆ ತೇಲುವ ಕೊಬ್ಬು. ಇದರ ಜೊತೆ ಒಗರು ಜಾಸ್ತಿ ಇರುವ ಕೆಂಪು ವೈನ್ ಕುಡಿದರೆ ಖಾರ ಇನ್ನೂ ಏರುತ್ತದೆ, ಬಾಯೆಲ್ಲ ಕಹಿ. ಕಳೆದ ತಿಂಗಳು ಮಡಿಕೇರಿಯಲ್ಲಿ ಊಟಕ್ಕೆ ಹೋದಾಗ ತಣ್ಣಗಿನ, ಸ್ವಲ್ಪ ಸಿಹಿಯಾದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಒಯ್ದಿದ್ದೆವು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮುರಿದು ಕರಿಯಲ್ಲಿ ಅದ್ದಿ ತಿಂದು, ಮೇಲೊಂದು ಗುಟುಕು. ಆಹಾ! ನಮ್ಮದೇ ಬಾಟಲಿ ತಂದದ್ದಕ್ಕೆ ಕಾರ್ಕೇಜ್ ಅಂತ 300 ರೂಪಾಯಿ ತಗೊಂಡರು, ಕೊಟ್ಟಿದ್ದು ಮಾತ್ರ ಸ್ಟೀಲ್ ಲೋಟ. ಮೊದಲೇ ಫೋನ್ ಮಾಡಿ ಕೇಳಿ ಹೋಗಿ. ಮದ್ಯದ ಲೈಸೆನ್ಸ್ ಇಲ್ಲದ ಕಡೆ ಸುಮ್ನೆ ಬಾಟಲಿ ತೆಗೆದು ಪೇಚಿಗೆ ಸಿಕ್ಕಿಕೊಳ್ಳಬೇಡಿ.