ಡಾಕ್ಟರಿಗಿಂತ ಮೊದಲು ಕೈಗೆ ಸಿಗುವ ನೆರವು

2022ರಲ್ಲಿ ನಾನಿರುವ ಪೋಲೆಂಡಿನ ವಾರ್ಸಾಕ್ಕೆ ಉಕ್ರೇನಿನ ಎಷ್ಟೋ ಹೆಣ್ಣುಮಕ್ಕಳು ಮಕ್ಕಳನ್ನು ಕರೆದುಕೊಂಡು ಬಂದರು. ಗಂಡಂದಿರು ಬಹುತೇಕ ಅಲ್ಲೇ ಉಳಿದರು. ಯುದ್ಧದಿಂದಾಗಿ ಸುಮಾರು 1 ಕೋಟಿ ಉಕ್ರೇನಿಯನ್ನರಿಗೆ ಮಾನಸಿಕ ತೊಂದರೆ ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷ ಅಂದಾಜು ಮಾಡಿತ್ತು. ಅಷ್ಟು ಜನಕ್ಕೆ ಮನೋವೈದ್ಯರನ್ನು ಎಲ್ಲಿಂದ ತರೋದು?

ಆಗ ಅವರಿಗೆ ಒದಗಿದ್ದು ಉಕ್ರೇನಿಯನ್ ಭಾಷೆಯಲ್ಲೇ ಫೋನಿನಲ್ಲಿ ಪುಕ್ಕಟೆ ಸಿಗುವ ಪಾಠಗಳು. ಅದರಲ್ಲಿ ಒಂದು, ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ತಂದ ಚಿತ್ರಗಳ ಕೈಪಿಡಿ. ಒತ್ತಡ ತಡೆದುಕೊಳ್ಳಲು 5 ಅಭ್ಯಾಸ, ಜೊತೆಗೆ ಆಡಿಯೋ. ಈ ಪಾಠಗಳನ್ನು ಮೊದಲು ಪರೀಕ್ಷಿಸಿ ನೋಡಿದವರಲ್ಲಿ ಉಗಾಂಡಾದಲ್ಲಿದ್ದ ದಕ್ಷಿಣ ಸುಡಾನಿನ ನಿರಾಶ್ರಿತ ಮಹಿಳೆಯರೂ ಇದ್ದರು. ಓದು ಬಾರದವರೂ ಕೇಳಿ ಕಲಿಯಬಹುದು. ಹಾರ್ಕಿವ್‌ನಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರು ಮೊದಲ ಅಭ್ಯಾಸವನ್ನು ನನಗೂ ಹೇಳಿಕೊಟ್ಟರು. ಎದೆ ಡವಗುಟ್ಟಿದಾಗ ಪಾದವನ್ನು ನೆಲಕ್ಕೆ ಒತ್ತಬೇಕು. ನಿಧಾನವಾಗಿ ಉಸಿರಾಡಬೇಕು. ಕಣ್ಣಿಗೆ ಏನು ಕಾಣುತ್ತೆ, ಕಿವಿಗೆ ಏನು ಕೇಳುತ್ತೆ ಅಂತ ಗಮನಿಸಬೇಕು. ಭಯ ಹೋಗಲ್ಲ. ಆದರೆ ಮಗುವಿಗೆ ಊಟ ಮಾಡಿಸುವಷ್ಟು ತ್ರಾಣ ಬರುತ್ತೆ, ಅಂದರು.

ಅಲ್ಲಿಯ ಹಿರಿಯರಿಗೆ ಮನೋವೈದ್ಯರೆಂದರೆ ಹಳೇ ಭಯವೊಂದಿದೆ. ಸೋವಿಯತ್ ಸರ್ಕಾರ ತನಗಾಗದವರಿಗೆ ಹುಚ್ಚಿನ ಪಟ್ಟ ಕಟ್ಟಿ ಆಸ್ಪತ್ರೆಗೆ ಹಾಕುತ್ತಿತ್ತು. ಕೀವ್‌ನ ಗಣಿತಜ್ಞ ಲಿಯೊನಿದ್ ಪ್ಲ್ಯೂಶ್ಚ್ ಅವರಿಗೆ ನಿಪ್ರೊಪೆಟ್ರೋವ್ಸ್ಕ್‌ನ ಅಂಥ ಆಸ್ಪತ್ರೆಯಿಂದ ಬಿಡುಗಡೆ ಸಿಕ್ಕಿದ್ದು 1976ರಲ್ಲಿ. ಇದೆಲ್ಲ ಕಂಡ ಜನ ಸುಲಭಕ್ಕೆ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರಾ? ಹೆಸರು ಬರೆಸದೆ, ಮನೆಯಲ್ಲೇ ಕೂತು ಕಲಿಯುವ ಪಾಠ ಅಂಥವರಿಗೆ ಬೇಕೇ ಬೇಕು. ಅಧ್ಯಕ್ಷ ಝೆಲೆನ್ಸ್ಕಿಯವರ ಪತ್ನಿ ಓಲೆನಾ ಝೆಲೆನ್ಸ್ಕಾ ಮುಂದೆ ನಿಂತು ನಡೆಸಿದ ರಾಷ್ಟ್ರೀಯ ಕಾರ್ಯಕ್ರಮವೂ 'ಹೇಗಿದ್ದೀಯಾ?' ಎಂದು ಕೇಳುತ್ತಲೇ ಜನರ ಹತ್ತಿರ ಹೋಯಿತು. ಇದು ನನಗೆ ತುಂಬ ಹಿಡಿಸಿತು.

ನಮ್ಮಲ್ಲಿ ಭಯ ಬೇರೆ. ಮಗಳ ಮದುವೆಗೆ ಅಡ್ಡಿಯಾದರೆ, ನಾಲ್ಕು ಜನಕ್ಕೆ ಗೊತ್ತಾದರೆ ಅನ್ನೋ ಚಿಂತೆ. ಹಾಗಂತ ನಮ್ಮಲ್ಲೇನೂ ಇಲ್ಲ ಅನ್ನಲಾರೆ. ನಿಮ್ಹಾನ್ಸ್ ಇದೆ. ಡಾ. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ಎಷ್ಟೋ ಮನೆ ತಲುಪಿವೆ. 2022ರ ಅಕ್ಟೋಬರ್ 10ರಿಂದ ಮನಸ್ಸಿನ ತೊಂದರೆಗೆ ಫೋನಿನಲ್ಲೇ ನೆರವಾಗುವ ಸರ್ಕಾರದ ಟೆಲಿ ಮಾನಸ್ ಸೇವೆ ಇದೆ, ಕನ್ನಡದಲ್ಲೇ ಮಾತಾಡಬಹುದು. ಆದರೂ ನಾನು ನೋಡಿದ ಮಟ್ಟಿಗೆ ನಮ್ಮ ಮಾಹಿತಿ ಜಾಸ್ತಿ ಶುರುವಾಗೋದು ಕಾಯಿಲೆಯ ಲಕ್ಷಣಗಳಿಂದ. ಓದಿದವರಿಗೆ ತನಗೂ ಅದೇ ಇದೆಯೇನೋ ಎಂಬ ದಿಗಿಲು ಹತ್ತುತ್ತದೆ. ಉಕ್ರೇನಿಯನ್ನರ ಪಾಠ ಶುರುವಾಗೋದು ಇವತ್ತು ರಾತ್ರಿ ಮಾಡಬಹುದಾದ ಕೆಲಸದಿಂದ. ನನಗೆ ಆ ದಾರಿಯೇ ಸರಿ ಅನಿಸುತ್ತದೆ.

ಲಾಭಕ್ಕಲ್ಲದೆ, ಅನುವಾದವನ್ನೂ ಮೂಲದ ಷರತ್ತಿಗೇ ಹಂಚುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಆ ಕೈಪಿಡಿಯನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ತರಬಹುದು. ನಾವು ಹೊರನಾಡ ಕನ್ನಡಿಗರು ಇದಕ್ಕೆ ಕೈ ಹಾಕಬೇಕು. ಬರೀ ಬೆಂಗಳೂರಿನ ಕನ್ನಡ ಸಾಲದು. ಕಲಬುರಗಿಯ ಅವ್ವನಿಗೆ ಅವಳ ಮಾತಿನಲ್ಲೇ, ಕುಂದಾಪುರದ ಅಬ್ಬಿಗೆ ಅವರ ಮಾತಿನಲ್ಲೇ ಆಡಿಯೋ ಆಗಬೇಕು. ನಿಮ್ಹಾನ್ಸ್‌ನಂಥ ಕಡೆಯ ತಜ್ಞರು ಒಮ್ಮೆ ಕೇಳಿ ತಿದ್ದಬೇಕು. ಅಭ್ಯಾಸದಿಂದ ಸಮಾಧಾನ ಆಗದವರಿಗಾಗಿ ಪ್ರತಿ ಆಡಿಯೋದ ಕೊನೆಗೆ ಟೆಲಿ ಮಾನಸ್ ನಂಬರ್ 14416 ಅನ್ನು ನಿಧಾನವಾಗಿ ಎರಡು ಸಲ ಹೇಳಬೇಕು.