ಕೊಳದ ಲೆಕ್ಕ ಕಡಲಿಗೆ ಸಲ್ಲದು

50 ಮೀಟರ್ ಉದ್ದದ ಈಜುಕೊಳವನ್ನು ನಿಲ್ಲದೆ 20 ಬಾರಿ ದಾಟಬಲ್ಲವರು ಸಮುದ್ರದಲ್ಲಿಯೂ ನಿರಾತಂಕವಾಗಿ ಈಜಬಹುದು ಎಂದು ಈಜಿನ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಬರೆದ ಮಾತನ್ನು, ಅವರ ಉತ್ಸಾಹವನ್ನು ಮೆಚ್ಚುತ್ತಲೇ, ನಾನು ಒಪ್ಪಲಾರೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತು, ನಲವತ್ತು ದಾಟಿದ ಮೇಲೆ ನಗರದ ಕೊಳದಲ್ಲಿ ಫ್ರೀಸ್ಟೈಲ್ ತಿದ್ದಿಕೊಂಡ ನಾನು, ಮಂಗಳೂರಿನ ತಣ್ಣೀರುಬಾವಿ ಕಡಲತೀರದಲ್ಲಿ ಅನುಭವಿಗಳ ಜೊತೆಗೆ ಮೊದಲ ಬಾರಿ ಅಲೆಗಳಾಚೆ ಹೋದಾಗ ಹತ್ತೇ ನಿಮಿಷದಲ್ಲಿ ದಿಕ್ಕು ತಪ್ಪಿದ್ದೆ. ಕೊಳದ ತಳದ ಕಪ್ಪು ಗೆರೆಯನ್ನು ನೋಡಿ ನೇರವಾಗಿ ಸಾಗುವ ಅಭ್ಯಾಸ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಏಳೆಂಟು ಬಾರಿ ಕೈ ಬೀಸಿದ ಮೇಲೊಮ್ಮೆ ತಲೆಯೆತ್ತಿ ದಡದ ಯಾವುದಾದರೂ ಮರವನ್ನೋ ಕಟ್ಟಡವನ್ನೋ ಗುರುತಿಸಿಕೊಳ್ಳಬೇಕು. ಉಪ್ಪುನೀರು ದೇಹವನ್ನು ಹೆಚ್ಚು ತೇಲಿಸುತ್ತದೆ ಎಂಬುದು ನಿಜ, ಆದರೆ ಅಲೆಯ ಬದಿಗೆ ಉಸಿರೆಳೆದರೆ ಅದೇ ನೀರು ಬಾಯಿಗೆ ಬರುತ್ತದೆ. (ಆ ರುಚಿ ಸಂಜೆಯವರೆಗೂ ಹೋಗಲಿಲ್ಲ.)

ಲೇಖನದಲ್ಲಿ ಸೆಳವಿನ ಪ್ರಸ್ತಾಪವೇ ಇಲ್ಲದಿರುವುದು ದೊಡ್ಡ ಕೊರತೆ. ದಡದಿಂದ ಹೊರಕ್ಕೆ ಎಳೆಯುವ ಸೆಳವಿಗೆ ಸಿಕ್ಕಿದವರು ಅದಕ್ಕೆ ಎದುರಾಗಿ ಈಜಿ ದಣಿಯದೆ, ತೇಲುತ್ತ ಸುಧಾರಿಸಿಕೊಂಡು, ದಡಕ್ಕೆ ಸಮಾನಾಂತರವಾಗಿ ಸಾಗಿ ಅದರ ಹಿಡಿತದಿಂದ ಹೊರಬರಬೇಕು. 1959ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಾದ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಆರತಿ ಸಾಹಾ ಅವರಂಥ ನುರಿತವರೇ ತಮ್ಮ ಮೊದಲ ಯತ್ನವನ್ನು ಅರ್ಧಕ್ಕೆ ಕೈಬಿಡಬೇಕಾಯಿತು. ಹವ್ಯಾಸಿಗಳಾದ ನಾವು ಎದ್ದು ಕಾಣುವ ಬಣ್ಣದ ಟೋಪಿ, ಸೊಂಟಕ್ಕೆ ಕಟ್ಟುವ ತೇಲುಚೀಲ ಮತ್ತು ಜೊತೆಗಾರರಿಲ್ಲದೆ ಇಳಿಯಲೇಬಾರದು. ಮಳೆಗಾಲದಲ್ಲಂತೂ ಕರಾವಳಿಯ ಕಡಲಿನ ಗೋಜಿಗೇ ಹೋಗಬಾರದು.