ಆನೆಗೊಂದು ಫಿಟ್‌ನೆಸ್ ಸರ್ಟಿಫಿಕೇಟ್

ಬಿಹಾರದಿಂದ ಕೇರಳಕ್ಕೆ ದುಡಿಯಲು ಹೋದವರಲ್ಲಿ ತೆಚ್ಚಿಕ್ಕೋಟ್ಟುಕಾವು ರಾಮಚಂದ್ರನ್‌ನಷ್ಟು ಮೇಲೆ ಬಂದವರಿಲ್ಲ. ಹತ್ತು ಅಡಿ ದಾಟಿದ ಆನೆ ಆಸಾಮಿ. ಊರಲ್ಲಿದ್ದಾಗ ಮೋತಿ ಪ್ರಸಾದ್ ಅಂತ ಹೆಸರಿತ್ತಂತೆ. ಈಗ ಫ್ಲೆಕ್ಸು, ಬಿರುದು, ಅಭಿಮಾನಿ ಸಂಘ ಎಲ್ಲ ಇವೆ. ಉತ್ಸವದಲ್ಲಿ ದೇವರಿಗಿಂತ ಇವನ ದರ್ಶನಕ್ಕೇ ನೂಕುನುಗ್ಗಲು ಜಾಸ್ತಿ. ದೇವರು ಬೆನ್ನ ಮೇಲೆ ಇರುತ್ತಾನೆ, ಪಾಪ, ಪೋಷಕ ಪಾತ್ರದಲ್ಲಿ.

ಸಣ್ಣಪುಟ್ಟ ತೊಂದರೆಗಳಿವೆ. ಒಂದು ಕಣ್ಣು ಕಾಣಿಸುವುದಿಲ್ಲ. ಹತ್ತಕ್ಕೂ ಹೆಚ್ಚು ಸಾವು ಇವನ ಖಾತೆಯಲ್ಲಿವೆ. 2019ರ ಫೆಬ್ರವರಿಯಲ್ಲಿ ಗುರುವಾಯೂರು ಕಡೆ ಒಂದು ಗೃಹಪ್ರವೇಶದಲ್ಲಿ (ಹೌದು, ಗೃಹಪ್ರವೇಶಕ್ಕೂ ಆನೆ) ಪಟಾಕಿ ಸದ್ದಿಗೆ ಬೆದರಿದ. ಇಬ್ಬರು ಸತ್ತರು. ಮೆರವಣಿಗೆಗೆ ನಿಷೇಧ ಬಿತ್ತು. ಆನೆ ಮಾಲೀಕರು ಮುನಿಸಿಕೊಂಡರು. ಅವನನ್ನು ಬಿಡದಿದ್ದರೆ ತ್ರಿಶೂರ್ ಪೂರಂ ಅನ್ನೋ ದೊಡ್ಡ ದೇವಸ್ಥಾನ ಉತ್ಸವಕ್ಕೆ ನಮ್ಮ ಆನೆಗಳನ್ನೂ ಕಳಿಸಲ್ಲ ಅಂದರು. ಆನೆಗಳ ಮುಷ್ಕರ! ಸರ್ಕಾರ ಡಾಕ್ಟರುಗಳನ್ನು ಕರೆಸಿತು. ಮದ ಇಲ್ಲ, ಗಾಯ ಇಲ್ಲ, ಫಿಟ್ ಅಂತ ವರದಿ ಬಂತು. ಒಂದು ಗಂಟೆ ಅನುಮತಿ ಸಿಕ್ಕಿತು. ಆರ್‌ಟಿಒಗೆ ಹೋಗಿ ನನಗೆ ಒಂದು ಕಣ್ಣು ಕಾಣಲ್ಲ ಅನ್ನಿ, ಲಾರಿ ಲೈಸೆನ್ಸ್ ಕೊಡ್ತಾರಾ ನೋಡೋಣ.

2024ರ ನವೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಟೇಪು ಹಿಡಿಯಿತು. ಆನೆಯಿಂದ ಆನೆಗೆ 3 ಮೀಟರ್, ಆನೆಯಿಂದ ಜನರಿಗೆ 8 ಮೀಟರ್. ಅಷ್ಟಕ್ಕೇ ಉತ್ಸವದವರ ಎದೆ ಒಡೆಯಿತು. ಹೀಗಾದರೆ 15 ಆನೆ ಅಂಗಳದಲ್ಲಿ ಹಿಡಿಸೋದು ಹೇಗೆ? ಅಂಗಳ ಹಿಗ್ಗಲ್ಲ. ಆನೆ ಕಮ್ಮಿ ಮಾಡಿದರೆ ಸಂಪ್ರದಾಯ ಕೆಡುತ್ತದೆ. ಉಳಿದದ್ದು ಅಂತರ ತಾನೇ, ಅದನ್ನೇ ತೆಗೆಯಿರಿ! ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶಕ್ಕೆ ತಡೆ ಕೊಟ್ಟಿತು. ಮುಂದಿನ ಫೆಬ್ರವರಿಯಲ್ಲಿ ಕೊಯಿಲಾಂಡಿಯ ದೇವಸ್ಥಾನದಲ್ಲಿ ಮತ್ತೆ ಪಟಾಕಿ, ಎರಡು ಆನೆಗಳ ಗುದ್ದಾಟ, 3 ಸಾವು.

ಪಟಾಕಿಗೆ ಆನೆ ಬೆದರುತ್ತದೆ ಅನ್ನೋದು ಮಕ್ಕಳಿಗೂ ಗೊತ್ತು. ಕಮಿಟಿಯವರಿಗೆ ಮಾತ್ರ ಪ್ರತಿ ವರ್ಷ ಹೊಸ ಸುದ್ದಿ.

ನಗಬೇಡಿ, ನಾವೂ ಕಮ್ಮಿಯೇನಿಲ್ಲ. ಅಲ್ಲಿ ಎತ್ತರದ ಹುಚ್ಚು, ಇಲ್ಲಿ ತೂಕದ್ದು. ದಸರೆಗೆ ಮುಂಚೆ ಮೈಸೂರಿನ ವೇಬ್ರಿಜ್ ಮೇಲೆ ಆನೆ ನಿಲ್ಲಿಸಿ, ಕೆಜಿ ಲೆಕ್ಕ ಪೇಪರಿಗೆ ಕೊಡುತ್ತೇವೆ. 750 ಕೆಜಿ ಅಂಬಾರಿ ಹೊರುವವನ ಆರೋಗ್ಯದ ಬಗ್ಗೆ ನಮಗೆ ಅಷ್ಟು ಕಾಳಜಿ.

ತ್ರಿಶೂರ್ ಜಿಲ್ಲೆಯ ಇರಿಂಜಾಡಪ್ಪಿಳ್ಳಿ ಶ್ರೀಕೃಷ್ಣ ದೇವಸ್ಥಾನದವರು 2023ರಲ್ಲೇ ಬೇರೆ ದಾರಿ ಹಿಡಿದರು. ರಬ್ಬರು, ಕಬ್ಬಿಣದ 800 ಕೆಜಿ ಯಂತ್ರದಾನೆ ತಂದರು. ಕಿವಿ ಬೀಸುತ್ತದೆ, ಬಾಲ ಆಡಿಸುತ್ತದೆ, ಸ್ವಿಚ್ ಒತ್ತಿದರೆ ಸೊಂಡಿಲಿಂದ ನೀರು ಚಿಮ್ಮುತ್ತದೆ. ಮದ ಏರಲ್ಲ, ಪಟಾಕಿಗೆ ಜಗ್ಗಲ್ಲ. ಆದರೆ ಇವನು ಸ್ಟಾರ್ ಆಗೋದು ಕಷ್ಟ. ಒಬ್ಬರನ್ನೂ ತುಳಿಯದ ಆನೆಗೆ ಫ್ಲೆಕ್ಸ್ ಯಾರು ಹಾಕ್ತಾರೆ?